ಚೆಂಡು ಆ ಕಡೆ ಹೋದಾಗ ಈ ಕಡೆಯವರು

ಶುಕ್ರವಾರ ರಾತ್ರಿ ನಮ್ಮೂರ ಹೈಸ್ಕೂಲಿನ ಅಮೆರಿಕನ್ ಫುಟ್ಬಾಲ್ ಪಂದ್ಯ 27-24ರಲ್ಲಿ ಗೆದ್ದೆವು. ಶನಿವಾರ ಬೆಳಗ್ಗೆ ಅಪ್ಪ-ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಇಬ್ಬರದೇ ಮಾತು: ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ 7 ಮತ್ತು ಅದನ್ನು ಹಿಡಿಯುವ ರಿಸೀವರ್ 11. ಇಬ್ಬರೂ ಚೆನ್ನಾಗಿಯೇ ಆಡಿದರು, ಅದರಲ್ಲಿ ತಕರಾರಿಲ್ಲ. ಆದರೆ ನನ್ನನ್ನು ಕೇಳಿದರೆ ಈ ಪಂದ್ಯ ಗೆಲ್ಲಿಸಿಕೊಟ್ಟವನು ಮುಂಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವ ಬಲ ಗಾರ್ಡ್ 63. ಇಡೀ ರಾತ್ರಿ ಅವನು ಚೆಂಡನ್ನು ಒಮ್ಮೆಯೂ ಮುಟ್ಟಲಿಲ್ಲ.

ಡಲ್ಲಾಸ್‌ನ ಉತ್ತರಕ್ಕಿರುವ ಊರು ನಮ್ಮದು. ಶಾಲೆಯ ಹೆಸರನ್ನಾಗಲಿ ಹುಡುಗರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹದಿನಾರು, ಹದಿನೇಳರ ಮಕ್ಕಳು ಅವರು; ಜೆರ್ಸಿ ನಂಬರ್ ಸಾಕು. ಮಗಳು ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ, ಹಾಗಾಗಿ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಶುಕ್ರವಾರದ ಸಂಜೆ ನಮ್ಮ ಮನೆಯಲ್ಲಿ ಬೇರೆ ಕಾರ್ಯಕ್ರಮ ಇರುವುದಿಲ್ಲ. ಅವಳಿಗಾಗಿ ಹೋಗಲು ಶುರುಮಾಡಿದ್ದು ನಿಜ. ಮುಂದೆ ಅವಳು ಕಾಲೇಜಿಗೆ ಹೋದ ಮೇಲೂ ನಾನು ಹೋಗುತ್ತೇನೆ ಅನ್ನುವುದು ಮನೆಯವರಿಗೆಲ್ಲ ಗೊತ್ತು.

ಟೆಕ್ಸಾಸ್‌ನಲ್ಲಿ ಈ ಆಟಕ್ಕೆ ಎಷ್ಟು ತೂಕವಿದೆ ಎಂಬುದಕ್ಕೆ ಪಕ್ಕದ ಆಲನ್ ಊರಿನ ಸ್ಟೇಡಿಯಂ ಸಾಕ್ಷಿ. ಒಂದು ಹೈಸ್ಕೂಲಿಗಾಗಿ ಸುಮಾರು 6 ಕೋಟಿ ಡಾಲರ್ ಸುರಿದು 2012ರಲ್ಲಿ ಕಟ್ಟಿದರು, 18,000 ಜನ ಕೂರುತ್ತಾರೆ. ಕೈಲರ್ ಮರ್ರೆ ಅಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ 42 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, 2012ರಿಂದ 2014ರವರೆಗೆ ಸತತ ಮೂರು ರಾಜ್ಯ ಪ್ರಶಸ್ತಿ ಗೆದ್ದ. ಅಂದಿನಿಂದ ಈ ಸೀಮೆಯಲ್ಲಿ ಕಾಲಲ್ಲಿ ಓಟ, ಕೈಯಲ್ಲಿ ಎಸೆತ ಎರಡೂ ಇರುವ ಹುಡುಗ ಯಾರೇ ಕಂಡರೂ ‘ಇನ್ನೊಬ್ಬ ಮರ್ರೆ’ ಎಂದುಬಿಡುತ್ತಾರೆ. ನಮ್ಮ 7ಕ್ಕೂ ಈ ಹೆಸರು ಅಂಟಿದೆ. ಆ ಹುಡುಗನ ಹೆಗಲಿಗೆ ಅದು ಒಳ್ಳೆಯ ಹೊರೆಯಲ್ಲ ಅಂತ ನನ್ನ ಅಭಿಪ್ರಾಯ.

ಈ ಬರಹಕ್ಕೆ ಕಾರಣ ಹಾಸನ ಕಡೆಯ ಒಬ್ಬ ಗೆಳೆಯ. ಅವನ ಮಗ ಈ ವರ್ಷ ಒಂಬತ್ತನೇ ತರಗತಿಯ ತಂಡ ಸೇರಿದ್ದಾನೆ, ಅಫೆನ್ಸಿವ್ ಲೈನ್‌ನಲ್ಲಿ, ಅಂದರೆ ಎದುರಾಳಿಗಳನ್ನು ತಡೆದು ಚೆಂಡಿನವನಿಗೆ ದಾರಿ ಮಾಡಿಕೊಡುವ ಮುಂಸಾಲಿನಲ್ಲಿ. ಮೊನ್ನೆ ಪಂದ್ಯದ ನಡುವೆ ಕೇಳಿದ: “ಅಣ್ಣ, ನಮ್ಮ ಹುಡ್ಗ ಚೆಂಡೇ ಮುಟ್ಟಲ್ಲ. ಅವ್ನು ಚೆನ್ನಾಗಿ ಆಡಿದ್ನೋ ಇಲ್ವೋ ಅಂತ ನಾನು ಹೆಂಗ್ ತಿಳ್ಕೊಳ್ಳೋದು?” ಆ ಗದ್ದಲದಲ್ಲಿ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಮದ್ದೂರು ಕಡೆಯವನು, ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವನು. ಬಲಗಡೆ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದೆ. ನಮ್ಮ ಪಿ.ಟಿ. ಮೇಷ್ಟ್ರು ಪಂದ್ಯ ಮುಗಿದ ಮೇಲೆ ಹಿಡಿದ ರೈಡರ್‌ಗಳ ಲೆಕ್ಕ ಕೇಳುತ್ತಿರಲಿಲ್ಲ. “ರೈಡರ್ ನಿನ್ ಕಡೆ ಬಂದ್ರೆ ಎಲ್ರೂವೆ ಆಡ್ತಾರೆ ಕನ್ಲಾ. ಆ ಕಡೆ ಹೋದಾಗ ನೀನೆಲ್ಲಿದ್ದೆ, ಅದ್ ಹೇಳು” ಅನ್ನುತ್ತಿದ್ದರು. ಎಡ ಕಾರ್ನರ್ ಕಾಲು ಹಿಡಿದ ಕ್ಷಣದಲ್ಲಿ ಬಲ ಕಾರ್ನರ್ ಅರ್ಧ ಹೆಜ್ಜೆ ತಡಮಾಡಿದರೆ ರೈಡರ್ ಗೆರೆ ಮುಟ್ಟಿಬಿಡುತ್ತಾನೆ. ಅಮೆರಿಕನ್ ಫುಟ್ಬಾಲ್ ನೋಡುವಾಗ ನನ್ನ ಕಣ್ಣು ಈಗಲೂ ಆ ಪ್ರಶ್ನೆಯನ್ನೇ ಹುಡುಕುತ್ತದೆ. ಒಂದೊಂದು ಪ್ಲೇ (ಆಟದ ಒಂದು ಸುತ್ತು) ನಡೆಯುವುದು ಐದಾರು ಸೆಕೆಂಡು. ಅಷ್ಟರಲ್ಲಿ ಚೆಂಡು ಒಬ್ಬನ ಕೈಯಲ್ಲಿರುತ್ತದೆ, ಉಳಿದ ಹತ್ತು ಜನ ಏನು ಮಾಡುತ್ತಿದ್ದರು ಅನ್ನುವುದೇ ನನ್ನ ಲೆಕ್ಕ.

ಇನ್ನು 63ರ ವಿಷಯ. ಮೂರನೇ ಕ್ವಾರ್ಟರ್, ನಾವು 14-10ರಲ್ಲಿ ಹಿಂದಿದ್ದೆವು. ಚೆಂಡು ಎದುರಾಳಿಗಳ ಕಡೆಯ 38 ಯಾರ್ಡ್ ಗೆರೆಯಲ್ಲಿತ್ತು. 7 ಹಿಂದೆ ಸರಿದು ಎಡಕ್ಕೆ, 11ರತ್ತ ಎಸೆದ. ಎಸೆಯುವ ಮುಂಚೆ ತುಂಬ ಹೊತ್ತು ಅವನನ್ನೇ ನೋಡಿದ. ಎದುರಾಳಿಗಳ ಹಿಂಭಾಗ ಕಾಯುವ ಸೇಫ್ಟಿ 9 ಈ ಹುಡುಗನ ಕಣ್ಣನ್ನೇ ಓದಿಕೊಂಡು ಬಂದು 25ರ ಗೆರೆಯ ಹತ್ತಿರ ಚೆಂಡು ಹಿಡಿದ. ಹಿಡಿದವನೇ ನಮ್ಮ ಎಡಬದಿಯ ಗೆರೆಗುಂಟ ಓಟ ಕಿತ್ತ. ಸ್ಟೇಡಿಯಂ ಪೂರ್ತಿ ಎದ್ದು ನಿಂತಿತ್ತು, ಅರ್ಧದಷ್ಟು ಜನ ತಲೆ ಮೇಲೆ ಕೈ ಹೊತ್ತು.

63 ಇದ್ದದ್ದು ಬಲಗಡೆ. ಮೈದಾನದ ಆ ತುದಿ ಅವನಿಗೆ ಸಂಬಂಧವೇ ಇಲ್ಲ ಎನ್ನಬಹುದು. ಎಸೆತ ಹೋದ ಕೂಡಲೇ ಲೈನ್‌ಮನ್‌ಗಳ ಕೆಲಸ ಮುಗಿಯಿತು ಅಂದುಕೊಂಡು ಬಹಳ ಹುಡುಗರು ಸೊಂಟದ ಮೇಲೆ ಕೈ ಇಟ್ಟು ನಿಂತುಬಿಡುತ್ತಾರೆ. ಇವನು ಚೆಂಡು ಹಿಡಿದವನ ಹಿಂದೆ ಓಡಲಿಲ್ಲ. ಅವನು ಹೋಗಿ ಸೇರುವ ಜಾಗಕ್ಕೆ, ಓರೆಯಾಗಿ, ಮೊದಲ ಹೆಜ್ಜೆಯಿಂದಲೇ ಓಡಿದ. ಭಾರಿ ಮೈಯ ಹುಡುಗ ಅವನು. ವೇಗದಲ್ಲಿ ಆ ಸೇಫ್ಟಿಗೆ ಸಾಟಿಯೇ ಅಲ್ಲ. ಆದರೆ ಚೆಂಡು ಹಿಡಿದು ಓಡುವ ನಮ್ಮ ರನ್ನಿಂಗ್ ಬ್ಯಾಕ್ 22 ಅಡ್ಡ ಬಂದು ಆ 9ನ್ನು ಒಮ್ಮೆ ಒಳಕ್ಕೆ ತಿರುಗಿಸಿದ, ರಿಸೀವರ್ 3 ಇನ್ನೊಮ್ಮೆ ತಿರುಗಿಸಿದ. ಎರಡು ತಿರುವಿನಲ್ಲಿ ಕಳೆದ ಹೊತ್ತು ಸಾಕಾಯಿತು. ನಮ್ಮ 9 ಯಾರ್ಡ್ ಗೆರೆಯಲ್ಲಿ 63 ಅವನ ಸೊಂಟಕ್ಕೆ ಬಿದ್ದು ಕೆಡವಿದ.

ಹತ್ತು ಯಾರ್ಡ್ ಮುಂದೆ ಹೋಗಲು ತಂಡಕ್ಕೆ ಸಿಗುವ ನಾಲ್ಕು ಅವಕಾಶಗಳಲ್ಲಿ ಒಂದೊಂದಕ್ಕೂ ಡೌನ್ ಎನ್ನುತ್ತಾರೆ. ಅಲ್ಲಿಂದ ಮೂರು ಡೌನ್‌ನಲ್ಲಿ ಅವರಿಗೆ ಕೊನೆಯ ಗೆರೆ ದಾಟಲಾಗಲಿಲ್ಲ. ಫೀಲ್ಡ್ ಗೋಲ್ ಒದ್ದು ಮೂರು ಪಾಯಿಂಟ್ ತೆಗೆದುಕೊಂಡರು, 17-10. ಕೊನೆಯ ಗೆರೆ ದಾಟಿದ್ದರೆ ಟಚ್‌ಡೌನ್ ಮತ್ತು ಅದರ ಮೇಲಿನ ಒಂದು ಕಿಕ್ ಸೇರಿ ಏಳು ಪಾಯಿಂಟ್ ಆಗುತ್ತಿತ್ತು. ನಾವು ಗೆದ್ದದ್ದು ಮೂರರಿಂದ. ಉಳಿದದ್ದೆಲ್ಲ ಹಾಗೇ ನಡೆದಿದ್ದರೆ ಅವರ ಲೆಕ್ಕ 28 ಆಗಿ, ಒಂದು ಪಾಯಿಂಟ್‌ನಿಂದ ನಾವು ಸೋತಿರುತ್ತಿದ್ದೆವು. ಇಷ್ಟಿದ್ದೂ ಹುಡುಗರ ಅಂಕಿಅಂಶದ ಪಟ್ಟಿಯಲ್ಲಿ ಅವನ ಮುಂದೆ ಬಂದದ್ದು ಒಂದೇ ಒಂದು ಟ್ಯಾಕಲ್ (ಹಿಡಿದು ಕೆಡವಿದ್ದು).

ಆ ಬದಿಯಲ್ಲೇ, ಚೆಂಡು ಹಾದುಹೋದ ದಾರಿಯ ಹತ್ತಿರವೇ ಇದ್ದವನು ಎಡ ಟ್ಯಾಕಲ್ 74 (ಇಲ್ಲಿ ಟ್ಯಾಕಲ್ ಎಂದರೆ ಲೈನ್‌ನ ತುದಿಯ ಜಾಗದವನು). ಅವನು ನಿಂತು ನೋಡಿದ. ಇದನ್ನು ಬರೆಯಲು ನನಗೆ ಸ್ವಲ್ಪ ಸಂಕಟವೇ ಆಗುತ್ತದೆ, ಯಾಕೆಂದರೆ ಈ ತಂಡದಲ್ಲಿ ಕಾಲೇಜಿನ ಕೋಚ್‌ಗಳು ಹುಡುಕಿಕೊಂಡು ಬರುವಷ್ಟು ದೇಹ, ತೋಳಿನ ಉದ್ದ ಎರಡೂ ಇರುವವನು ಅವನೊಬ್ಬನೇ. ಪಾಸ್ ತಡೆಯುವಾಗ ಹಿಂದಕ್ಕೆ ಇಡುವ ಮೊದಲ ಹೆಜ್ಜೆ ಚೆಂದ, ಎದುರಿನವನ ಎದೆಗೆ ಎರಡೂ ಅಂಗೈ ಸರಿಯಾಗಿ ಕೂರುತ್ತವೆ. ಓಟ ಅವನ ಮೇಲೆಯೇ ಬಂದಾಗ ಎದುರಿನವನನ್ನು ನಾಲ್ಕೈದು ಯಾರ್ಡ್ ಹಿಂದಕ್ಕೆ ದಬ್ಬಿಬಿಡುತ್ತಾನೆ. ಪ್ಲೇ ಬಲಕ್ಕೆ ಹೋದರೆ ಮಾತ್ರ ಎರಡು ಹೆಜ್ಜೆ ಇಟ್ಟು ಬೆನ್ನು ನೆಟ್ಟಗೆ ಮಾಡಿಬಿಡುತ್ತಾನೆ. ಅವನು ಬಿಟ್ಟ ಲೈನ್‌ಬ್ಯಾಕರ್ (ಡಿಫೆನ್ಸ್‌ನ ಎರಡನೇ ಸಾಲಿನವನು) ಹಿಂದಿನಿಂದ ಓಡಿಬಂದು 22ನ್ನು ಹಿಡಿದದ್ದನ್ನು ಮೊದಲರ್ಧದಲ್ಲಿ ಮತ್ತೆ ಮತ್ತೆ ನೋಡಿದೆ. ಕಾಲೇಜಿನವರು ವಿಡಿಯೊ ನೋಡುವಾಗ ಇದನ್ನೂ ಹುಡುಕುತ್ತಾರೆ. ಹೈಸ್ಕೂಲಿನಲ್ಲಿ ಈ ಆಟ ಆಡುವವರು ಅಮೆರಿಕದಲ್ಲಿ ಸುಮಾರು 10 ಲಕ್ಷ ಹುಡುಗರು. ಅವರಲ್ಲಿ ಕಾಲೇಜು ತಂಡ ಸೇರುವವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ದೇಹ ನೋಡಿ ಬಂದ ಕೋಚ್, ಚೆಂಡು ಆ ಕಡೆ ಹೋದಾಗಿನ ಐದು ಸೆಕೆಂಡು ನೋಡಿ ವಾಪಸ್ ಹೋದರೆ ನನಗೆ ತುಂಬ ಬೇಜಾರಾಗುತ್ತದೆ. ಇದು ಕಲಿಯಬಹುದಾದ ವಿಷಯ, ಅವನಿಗಿನ್ನೂ ಒಂದು ವರ್ಷ ಇದೆ.

7ರ ಬಗ್ಗೆ. ಪಕ್ಕದ ಗೆರೆಯತ್ತ ತಿರುಗಿ ಓಡುವ ರಿಸೀವರ್‌ಗೆ, ಮೈದಾನ ಹೆಚ್ಚು ಅಗಲವಿರುವ ಬದಿಗೆ ಎಸೆಯುವ ಔಟ್ ರೂಟ್ ಅವನ ಅತ್ಯುತ್ತಮ ಎಸೆತ. ಚೆಂಡು ಮೈದಾನದ ಅರ್ಧಕ್ಕಿಂತ ಹೆಚ್ಚು ಅಗಲ ದಾಟಬೇಕು, ದಾರಿಯಲ್ಲಿ ಮೇಲೆದ್ದರೆ ಕಾರ್ನರ್ (ರಿಸೀವರ್‌ನನ್ನು ಕಾಯುವ ಎದುರಾಳಿ) ಕದ್ದುಬಿಡುತ್ತಾನೆ. ಇವನ ಎಸೆತ ಕಟ್ಟಿದ ದಾರದ ಹಾಗೆ ನೇರ ಹೋಗುತ್ತದೆ. ಎಡಗಡೆಯಿಂದ ಒತ್ತಡ ಬಂದಾಗ ಕಣ್ಣು ಕೆಳಗಿಳಿಸಿ ಓಡಿಬರುವವರನ್ನು ನೋಡಲು ಶುರುಮಾಡುತ್ತಾನೆ, ದೂರದ ರಿಸೀವರ್‌ಗಳು ಆಗ ಅವನಿಗೆ ಕಾಣುವುದಿಲ್ಲ. ಹನ್ನೊಂದನೇ ತರಗತಿಯ ಹುಡುಗನಿಗೆ ಇದು ಸಹಜ. ಈ ವಾರ ನನಗೆ ತುಂಬ ಹಿಡಿಸಿದ್ದು ಬೇರೆ ಒಂದು ಸಂಗತಿ. ಸೆಪ್ಟೆಂಬರ್‌ನಲ್ಲಿ ಇವನು ಚೆಂಡನ್ನು 22ಕ್ಕೆ ಕೊಟ್ಟು ನಿಂತು ನೋಡುತ್ತಿದ್ದ, ಬೇರೆಯವರ ಆಟ ಎಂಬಂತೆ. ಈಗ ಕೊಟ್ಟ ಮೇಲೂ ಚೆಂಡು ತನ್ನ ಹತ್ತಿರವೇ ಇದೆ ಎಂಬ ಹಾಗೆ ಕೈಯನ್ನು ಸೊಂಟಕ್ಕೆ ಒತ್ತಿಕೊಂಡು ಎದುರು ದಿಕ್ಕಿಗೆ ಓಡುತ್ತಾನೆ. ಕೊನೆಯ ಡ್ರೈವ್‌ನಲ್ಲಿ, ಅಂದರೆ ಚೆಂಡು ನಮ್ಮದಾಗಿದ್ದ ಕೊನೆಯ ಸರದಿಯಲ್ಲಿ, ಅದರ ಫಲ ಸಿಕ್ಕಿತು.

ಆ ಡ್ರೈವ್ ಪೂರ್ತಿ ಹೇಳಲೇಬೇಕು. 24-20ರಲ್ಲಿ ಹಿಂದಿದ್ದೆವು, ನಮ್ಮ 22 ಯಾರ್ಡ್ ಗೆರೆಯಿಂದ 78 ಯಾರ್ಡ್ ಹೋಗಬೇಕು, ನಾಲ್ಕು ನಿಮಿಷವೂ ಇಲ್ಲ. ಮೂರನೇ ಡೌನ್, ಇನ್ನೂ 18 ಯಾರ್ಡ್ ಬಾಕಿ. 7 ಉದ್ದಕ್ಕೆ ಎಸೆದ, ಅವರ ಕಾರ್ನರ್ ನಮ್ಮ 11ರ ತೋಳು ಎಳೆದ, ತಪ್ಪು ಎಂದು ರೆಫರಿಯ ಹಳದಿ ಬಟ್ಟೆ ಬಿತ್ತು. ಟೆಕ್ಸಾಸ್ ಬಿಟ್ಟು ಬೇರೆ ರಾಜ್ಯಗಳಲ್ಲಿ ಆಗಿದ್ದರೆ 15 ಯಾರ್ಡ್ ಸಿಕ್ಕಿ ಮತ್ತೆ ಮೂರನೇ ಡೌನ್, ಇನ್ನೂ 3 ಯಾರ್ಡ್ ಬಾಕಿ ಇರುತ್ತಿತ್ತು. ಟೆಕ್ಸಾಸ್ ಹೈಸ್ಕೂಲುಗಳು ಆಡುವುದು ಕಾಲೇಜಿನ ನಿಯಮಗಳಲ್ಲಿ. ಅವುಗಳ ಪ್ರಕಾರ ಈ ತಪ್ಪಿಗೆ 15 ಯಾರ್ಡ್ ಜೊತೆಗೆ ನೇರವಾಗಿ ಫಸ್ಟ್ ಡೌನ್, ಅಂದರೆ ಮತ್ತೆ ಮೊದಲಿನಿಂದ ನಾಲ್ಕು ಅವಕಾಶ. ಅಲ್ಲಿ ನಮಗೆ ಜೀವ ಬಂತು. ಎರಡು ಪ್ಲೇ ಆದ ಮೇಲೆ 7 ಚೆಂಡನ್ನು 22ಕ್ಕೆ ಕೊಟ್ಟು ತಾನು ಎಡಕ್ಕೆ ಓಡಿದ. ಅವರ ಡಿಫೆನ್ಸಿವ್ ಎಂಡ್ ಅರ್ಧ ಕ್ಷಣ 7ನ್ನೇ ನೋಡುತ್ತ ನಿಂತ. ಬಲಕ್ಕೆ ಹೊರಟಿದ್ದ 22 ಆ ಅರ್ಧ ಕ್ಷಣದ ಸಂದಿಯಲ್ಲಿ ತಿರುಗಿ ಎಡಕ್ಕೆ ನುಗ್ಗಿದ, 26 ಯಾರ್ಡ್. ಜನ ಕೂಗಿದ್ದು 22ರ ಹೆಸರು. ಓಟದ ದಾರಿ ಬಿಡಿಸಿದ್ದು ಖಾಲಿ ಕೈಯಲ್ಲಿ ಓಡಿದವನು. ಇನ್ನೂ 50 ಸೆಕೆಂಡು ಇರುವಾಗ ಟೈಟ್ ಎಂಡ್ 88 ಕೊನೆಯ ಗೆರೆ ದಾಟಿದ.

22 ನನ್ನ ಮೆಚ್ಚಿನ ಹುಡುಗ, ಎತ್ತರ ಕಮ್ಮಿ, ತಾಳ್ಮೆ ಜಾಸ್ತಿ. ಬ್ಲಾಕ್ ಸಿದ್ಧವಾಗುವವರೆಗೆ ಕಾಯುತ್ತಾನೆ. ಮೂರನೇ ಕ್ವಾರ್ಟರ್ ಕೊನೆಯಲ್ಲಿ 11 ಹಿಡಿದ ಆ ಟಚ್‌ಡೌನ್ ಪಾಸ್ ಎಲ್ಲರ ಫೋನಿನಲ್ಲೂ ಇದೆ. ದಯವಿಟ್ಟು ಅದನ್ನು ಇನ್ನೊಮ್ಮೆ ಹಾಕಿ, ಈ ಸಲ ಚೆಂಡು ನೋಡಬೇಡಿ. ಒಳಗಿನಿಂದ ನುಗ್ಗಿಬಂದ ಲೈನ್‌ಬ್ಯಾಕರ್‌ನ ಎದೆಗೆ ಎದೆ ಕೊಟ್ಟು ನಿಂತ ಚಿಕ್ಕ ಹುಡುಗ ಕಾಣುತ್ತಾನೆ. ತನಗಿಂತ ಅಷ್ಟು ದೊಡ್ಡವನಿಗೆ ಅವನು ಹಾಗೆ ಅಡ್ಡ ನಿಲ್ಲದಿದ್ದರೆ ಆ ಎಸೆತ 7ರ ಕೈಬಿಡುತ್ತಲೇ ಇರಲಿಲ್ಲ. ಒಂದು ಕೊರತೆ ಮಾತ್ರ ಬೇಗ ತಿದ್ದಬೇಕು: ಎಡಕ್ಕೆ ಓಡುವಾಗಲೂ ಚೆಂಡನ್ನು ಬಲಗೈಯಲ್ಲೇ ಇಟ್ಟುಕೊಳ್ಳುತ್ತಾನೆ. ಬರುವ ಟ್ಯಾಕಲ್‌ಗೆ ಚೆಂಡು ಹತ್ತಿರವಾಗುತ್ತದೆ. ಹೊರಗಿನ ಕೈಗೆ ಬದಲಿಸಿಕೊಳ್ಳುವ ಅಭ್ಯಾಸ ಮುಂದಿನ ಎರಡು ವಾರದಲ್ಲಿ ಬರಲೇಬೇಕು.

ರಿಸೀವರ್‌ಗಳಲ್ಲಿ 11ರ ಕೈಗಳು ಬಲು ಭದ್ರ. ಚೆಂಡನ್ನು ಎದೆಗೆ ಆತುಕೊಳ್ಳದೆ ಬೆರಳಲ್ಲೇ ಹಿಡಿಯುತ್ತಾನೆ, ಈ ವಯಸ್ಸಿಗೆ ಅದು ಅಪರೂಪ. ಓಟದ ಪ್ಲೇ ಬಂದರೆ ಅವನೂ 74ರ ಹಾಗೆಯೇ ವಿಶ್ರಾಂತಿ ತೆಗೆದುಕೊಳ್ಳುತ್ತಾನೆ. 3ಕ್ಕೆ ಇಡೀ ಪಂದ್ಯದಲ್ಲಿ ಸಿಕ್ಕಿದ್ದು ಒಂದೇ ಪಾಸ್. ಆದರೆ ಎರಡನೇ ಕ್ವಾರ್ಟರ್‌ನಲ್ಲಿ 22 ಬದಿಯಲ್ಲಿ 31 ಯಾರ್ಡ್ ಓಡಿದ್ದು 3 ತನ್ನ ಎದುರಿನ ಕಾರ್ನರ್‌ನನ್ನು ಗೆರೆಯಾಚೆವರೆಗೆ ತಳ್ಳಿಕೊಂಡು ಹೋದದ್ದರಿಂದ. ಕೋಚ್ ಜಾಗದಲ್ಲಿ ನಾನಿದ್ದರೆ ವಾರದ ಆಟಗಾರನ ಸ್ಟಿಕ್ಕರ್ ಅವನ ಹೆಲ್ಮೆಟ್‌ಗೆ ಅಂಟಿಸುತ್ತಿದ್ದೆ.

ಡಿಫೆನ್ಸ್‌ನಲ್ಲಿ ಮುಂಸಾಲಿನ ನಡುವೆ ನಿಲ್ಲುವ ನೋಸ್ ಟ್ಯಾಕಲ್ 95 ಇಬ್ಬಿಬ್ಬರನ್ನು ಮೈಮೇಲೆ ಹಾಕಿಕೊಂಡು ನಿಲ್ಲುತ್ತಾನೆ. ಅವನ ಹಿಂದೆ ನಿಂತ ಲೈನ್‌ಬ್ಯಾಕರ್ 44 ಅದರಿಂದಾಗಿ ಯಾರ ಬ್ಲಾಕೂ ಇಲ್ಲದೆ ಓಡಿಬಂದು ಹಿಡಿಯುತ್ತಾನೆ, ಹೆಸರು ಅವನಿಗೆ ಬರುತ್ತದೆ. 44 ಧೈರ್ಯಸ್ಥ, ಅತಿ ಆತುರದವನು. ಎದುರಾಳಿಗಳ ಮೊದಲ ಟಚ್‌ಡೌನ್ ಆದದ್ದು ಕೌಂಟರ್ ಪ್ಲೇನಲ್ಲಿ. ರನ್ನಿಂಗ್ ಬ್ಯಾಕ್ ಮೊದಲು ಒಂದು ಹೆಜ್ಜೆ ಎಡಕ್ಕೆ ತೋರಿಸಿ ಬಲಕ್ಕೆ ಹೋದ, 44 ಆ ಮೊದಲ ಹೆಜ್ಜೆಗೇ ಓಡಿಬಿಟ್ಟಿದ್ದ. ಎರಡನೇ ಅರ್ಧದಲ್ಲಿ ಅವರು ಅದೇ ಪ್ಲೇ ಮತ್ತೆ ತಂದರು. ಈ ಸಲ ಅವನ ಕಣ್ಣು ಬ್ಯಾಕ್‌ನ ಮೇಲಿರಲಿಲ್ಲ, ಜಾಗ ಬಿಟ್ಟು ಹೊರಟ ಗಾರ್ಡ್‌ನ ಮೇಲಿತ್ತು. ಎರಡು ಯಾರ್ಡ್‌ಗೆ ಕೆಡವಿದ. ಅರ್ಧ ವಿರಾಮದಲ್ಲಿ ಹೇಳಿಕೊಟ್ಟದ್ದನ್ನು ಅದೇ ರಾತ್ರಿ ಮಾಡಿ ತೋರಿಸುವ ಹುಡುಗರು ಬಹಳ ಮಂದಿ ಇರುವುದಿಲ್ಲ.

ಕಾರ್ನರ್ 5ರ ಪರವಾಗಿ ಒಂದು ಮಾತು. ನಾಲ್ಕನೇ ಕ್ವಾರ್ಟರ್‌ನಲ್ಲಿ ಅವನ ತಲೆ ಮೇಲಿಂದ ಪಾಸ್ ಹೋಗಿ ನಾವು 24-20ಕ್ಕೆ ಇಳಿದಾಗ ನನ್ನ ಹಿಂದಿನ ಸಾಲಿನಿಂದ ಆ ಮಗುವಿನ ನಂಬರ್ ಹಿಡಿದು ಕೂಗಿದರು. ಅವನ ತಾಯಿ ನನ್ನ ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ಪ್ಲೇನಲ್ಲಿ ಅವರ ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಹಿಡಿದು ನಿಲ್ಲಲು ಆರು ಸೆಕೆಂಡಿಗೂ ಹೆಚ್ಚು ಸಿಕ್ಕಿತು. ನಮ್ಮ ಮುಂದಿನ ನಾಲ್ವರಲ್ಲಿ ಒಬ್ಬನೂ ಅವನ ಹತ್ತಿರ ಸುಳಿಯಲಿಲ್ಲ. ಅಷ್ಟು ಹೊತ್ತು ಒಬ್ಬ ರಿಸೀವರ್‌ನ ಬೆನ್ನು ಬಿಡದೆ ಓಡಲು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಕಾರ್ನರ್‌ಗಳಿಗೂ ಕಷ್ಟ. ಮಕ್ಕಳ ಆಟ ನೋಡಲು ಬಂದ ದೊಡ್ಡವರು ಹಾಗೆ ಕೂಗಬಾರದು. ತಿರುಗಿ ಅವರಿಗೆ ಅಷ್ಟನ್ನೇ ಹೇಳಿದೆ, ಸುಮ್ಮನಾದರು.

ಕಿಕ್ಕರ್ 39 ಚಳಿಗಾಲದಲ್ಲಿ ಶಾಲೆಯ ಸಾಕರ್ ತಂಡಕ್ಕೂ ಆಡುತ್ತಾನೆ. ಎರಡು ಫೀಲ್ಡ್ ಗೋಲ್, ಮೂರು ಎಕ್ಸ್‌ಟ್ರಾ ಪಾಯಿಂಟ್, ಯಾವುದೂ ತಪ್ಪಲಿಲ್ಲ. ನಾನು ಅವನನ್ನು ಇಲ್ಲಿ ತಂದದ್ದು ಅದಕ್ಕಲ್ಲ. ನಾವು 27-24 ಮಾಡಿದ ಮೇಲೆ ಅವನು ಒದ್ದ ಚೆಂಡನ್ನು ಅವರ 9 ಹಿಡಿದು ತಂದ, ಅದೇ ಸೇಫ್ಟಿ. ಪ್ಲೇನೋ ಈಸ್ಟ್ ಮತ್ತು ಟೈಲರ್‌ನ ಜಾನ್ ಟೈಲರ್ ಶಾಲೆಗಳ 1994ರ ಪಂದ್ಯದ ಕಥೆ ಈ ಭಾಗದಲ್ಲಿ ಗೊತ್ತಿಲ್ಲದವರಿಲ್ಲ. ಮೂರು ನಿಮಿಷ ಇರುವಾಗ 41-17ರಲ್ಲಿ ಹಿಂದಿದ್ದ ಪ್ಲೇನೋ ಈಸ್ಟ್, ಮೂರು ಆನ್‌ಸೈಡ್ ಕಿಕ್ (ತಾವೇ ವಾಪಸ್ ಹಿಡಿಯಲೆಂದು ಹತ್ತಿರಕ್ಕೆ ಒದೆಯುವ ಚೆಂಡು) ಗೆದ್ದು 44-41ಕ್ಕೆ ಮುಂದೆ ಬಂತು. ಆಮೇಲಿನ ಕಿಕ್‌ಆಫನ್ನು ರಾಡ್ರಿಕ್ ಡನ್ 97 ಯಾರ್ಡ್ ಓಡಿ ತಂದು ಆಟವನ್ನು 48-44ಕ್ಕೆ ಮುಗಿಸಿದ. ಮೊನ್ನೆ ಆ 9 ನಡುಗೆರೆ ಹತ್ತಿರ ಬಂದಾಗ ನನಗೆ ನೆನಪಾದದ್ದು ಅದೇ. ಅಲ್ಲಿ ಉಳಿದಿದ್ದವನು 39 ಒಬ್ಬನೇ. ಟ್ಯಾಕಲ್ ಮಾಡಲು ಹೋಗಿ ಬೀಳಲಿಲ್ಲ ಅವನು. ಒಳಗಿನ ದಾರಿ ಮುಚ್ಚಿಕೊಂಡು, ಪಕ್ಕದ ಗೆರೆಯತ್ತ ಒತ್ತುತ್ತ ಹೋಗಿ ಹೊರಗೆ ದಬ್ಬಿದ. ನಾಲ್ಕು ಪ್ಲೇ ಆದ ಮೇಲೆ ನಮ್ಮ ಸೇಫ್ಟಿ 21 ಕೊನೆಯ ಪಾಸನ್ನು ನೆಲಕ್ಕೆ ಬಡಿದ.

ಎದುರಾಳಿಗಳಲ್ಲಿ ಆ 9ರಷ್ಟು ಒಳ್ಳೆಯ ಆಟಗಾರ ನಮ್ಮಲ್ಲಿ ಸದ್ಯ ಯಾರೂ ಇಲ್ಲ. ಪಂದ್ಯ ಮುಗಿದು ಕೈಕುಲುಕುವ ಸಾಲಿನಲ್ಲಿ 63ರ ಹೆಲ್ಮೆಟ್‌ಗೆ ಎರಡು ಸಲ ತಟ್ಟಿ ಹೋದ.

ನನ್ನ ಗೆಳೆಯನಿಗೆ: ನಿನ್ನ ಮಗನ ಪಂದ್ಯದ ವಿಡಿಯೊ ತೆಗೆಯುವಾಗ ಚೆಂಡಿನ ಹಿಂದೆ ಹೋಗಬೇಡ ಕಣಪ್ಪ. ಅವನ ನಂಬರ್ ಮೇಲೇ ಕ್ಯಾಮೆರಾ ಇಡು, ಸೀಟಿ ಊದುವವರೆಗೆ ತಿರುಗಿಸಬೇಡ. ಮನೆಗೆ ಬಂದು ಇಬ್ಬರೂ ಕೂತು ನೋಡಿ, ಓಟ ಅವನ ಕಡೆ ಬಾರದ ಪ್ಲೇಗಳನ್ನಷ್ಟೇ. ಬೇಕಾದರೆ ನಾನೂ ಬರುತ್ತೇನೆ.

ನಮ್ಮ ಡಿಸ್ಟ್ರಿಕ್ಟ್‌ನಿಂದ (ನಮ್ಮ ಜೊತೆ ಆಡುವ ಶಾಲೆಗಳ ಗುಂಪು) ಮೊದಲ ನಾಲ್ಕು ತಂಡಗಳಿಗೆ ಪ್ಲೇಆಫ್, ನಾವೀಗ ನಾಲ್ಕನೆಯವರು. ಮುಂದಿನ ಶುಕ್ರವಾರದ ತಂಡ ಆಪ್ಷನ್ ಆಡುತ್ತದೆ: ಚೆಂಡು ಯಾರ ಹತ್ತಿರ ಇದೆ ಎಂಬುದು ಕೊನೆ ಕ್ಷಣದವರೆಗೆ ಗೊತ್ತಾಗದ ಆಟ. 44 ಒಂದು ಸಲ ಆತುರಪಟ್ಟರೂ 60 ಯಾರ್ಡ್ ಹೋಗುತ್ತದೆ. 5 ತನ್ನ ಕಡೆ ಏನೂ ನಡೆಯುತ್ತಿಲ್ಲ ಎಂದು ಒಳಕ್ಕೆ ಸರಿದರೆ, ಚೆಂಡು ಅವನು ಬಿಟ್ಟ ಜಾಗಕ್ಕೇ ಬರುತ್ತದೆ. ಏಳು ಗಂಟೆಗೆ ಕಿಕ್‌ಆಫ್. ನಾನಂತೂ 74ರ ಮೇಲೆ ಕಣ್ಣಿಟ್ಟು ಕೂರುತ್ತೇನೆ, ಪ್ಲೇ ಬಲಕ್ಕೆ ಹೋದಾಗಲೆಲ್ಲ.